ದಿನಾಂಕ ಮತ್ತು ಸಮಯದ ಫಾರ್ಮ್ಯಾಟಿಂಗ್, ಪಾರ್ಸಿಂಗ್: ಪ್ರೋಗ್ರಾಮರುಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ಪ್ರಶ್ನೆಗಳಲ್ಲಿ ಹೆಚ್ಚಿನವನ್ನು ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನಲ್ಲಿ ಕೇಳಿದ್ದಾರೆ. ಕೆಲವನ್ನು ಹತ್ತಾರು ವರ್ಷ ಕೋಡ್ ಬರೆದವರೂ ಕೇಳಿದ್ದಾರೆ. ಉದಾಹರಣೆಗಳು ಮುಖ್ಯವಾಗಿ ಜಾವಾ, ಪೈಥಾನ್ ಮತ್ತು ಜಾವಾಸ್ಕ್ರಿಪ್ಟ್‌ನವು. ಫಾರ್ಮ್ಯಾಟಿನ ಸಂಕೇತಾಕ್ಷರಗಳನ್ನು ಉಚ್ಚಾರದಂತೆ ಕನ್ನಡದಲ್ಲೇ ಬರೆದಿದ್ದೇನೆ: ‘ದೊಡ್ಡ ಎಂ’ ಎಂದರೆ ಕ್ಯಾಪಿಟಲ್ ಅಕ್ಷರ, ‘ಸಣ್ಣ ಎಂ’ ಎಂದರೆ ಸ್ಮಾಲ್ ಅಕ್ಷರ ಎಂದು ಓದಿಕೊಳ್ಳಬೇಕು.

### ಫಾರ್ಮ್ಯಾಟಿಂಗ್ ಮತ್ತು ಪಾರ್ಸಿಂಗ್ ಒಂದಕ್ಕೊಂದು ತಿರುಗುಮುರುಗು ಕೆಲಸಗಳಲ್ಲವೇ?

ಹೆಸರಿಗೆ ಹೌದು. ಪ್ರೋಗ್ರಾಮಿನೊಳಗಿರುವ ಸಮಯವನ್ನು ಓದುವಂಥ ಪಠ್ಯವಾಗಿ ಬರೆಯುವುದು ಫಾರ್ಮ್ಯಾಟಿಂಗ್. ಪಠ್ಯವನ್ನು ಓದಿ ಸಮಯವನ್ನು ಮರಳಿ ಕಟ್ಟುವುದು ಪಾರ್ಸಿಂಗ್. ಆದರೆ ಮೊದಲನೆಯದು ಮಾಹಿತಿಯನ್ನು ಕಳೆಯುತ್ತದೆ, ಎರಡನೆಯದು ಕಳೆದುಹೋದದ್ದನ್ನು ಎಲ್ಲಿಂದಲಾದರೂ ತುಂಬಿಕೊಳ್ಳಬೇಕಾಗುತ್ತದೆ. 05/06/24 ಎಂದು ಬರೆದಾಗ ಶತಮಾನ ಹೋಯಿತು, ಗಂಟೆ ಹೋಯಿತು, ಯಾವ ಊರಿನ ಗಡಿಯಾರ ಎಂಬುದು ಹೋಯಿತು, ತಿಂಗಳು ಮೊದಲೋ ದಿನ ಮೊದಲೋ ಎಂಬುದೂ ಹೋಯಿತು. ಇದನ್ನು ಪಾರ್ಸ್ ಮಾಡುವವರು ಈ ನಾಲ್ಕನ್ನೂ ತಾವೇ ಹೇಳದಿದ್ದರೆ ಲೈಬ್ರರಿ ಸುಮ್ಮನೆ ನಿಲ್ಲುವುದಿಲ್ಲ. ಸರ್ವರಿನ ಲೊಕೇಲ್ (ಭಾಷೆ ಮತ್ತು ಪ್ರದೇಶದ ರೂಢಿಗಳ ವ್ಯವಸ್ಥೆ), ಸರ್ವರಿನ ಕಾಲವಲಯ ಅಥವಾ ತನ್ನದೇ ಪೂರ್ವನಿಗದಿಯಿಂದ ತುಂಬಿಕೊಳ್ಳುತ್ತದೆ. ನಾನು ಕಂಡ ದಿನಾಂಕದ ದೋಷಗಳಲ್ಲಿ ಬಹುತೇಕ ಎಲ್ಲವೂ ಹೀಗೆ ಸದ್ದಿಲ್ಲದೆ ತುಂಬಿಕೊಂಡ ಯಾವುದೋ ಒಂದು ಊಹೆಯಿಂದ ಹುಟ್ಟಿದವು.

### ಪ್ರೋಗ್ರಾಮಿನೊಳಗೆ ‘ಸಮಯ’ ಎಂದರೆ ನಿಜವಾಗಿ ಏನು?

ಒಂದೇ ಹೆಸರಿನಡಿ ಮೂರು ಬೇರೆ ಬೇರೆ ಸಂಗತಿಗಳಿವೆ. ಫಾರ್ಮ್ಯಾಟಿನ ಬಗ್ಗೆ ಯೋಚಿಸುವ ಮೊದಲು ನಿಮ್ಮ ಕೈಯಲ್ಲಿರುವುದು ಯಾವುದೆಂದು ತೀರ್ಮಾನಿಸಿಕೊಳ್ಳಬೇಕು.

ಮೊದಲನೆಯದು ಕ್ಷಣ. ಹಣ ಪಾವತಿಯಾದದ್ದು, ಸಂದೇಶ ತಲುಪಿದ್ದು, ಯಾರೋ ಲಾಗಿನ್ ಆದದ್ದು ಇವೆಲ್ಲ ಕ್ಷಣಗಳು; ಬೆಂಗಳೂರಿನಲ್ಲಿ ನೋಡಿದರೂ ಲಂಡನ್ನಿನಲ್ಲಿ ನೋಡಿದರೂ ಅದೇ ಕ್ಷಣ, ಗಡಿಯಾರದ ಮುಳ್ಳು ಮಾತ್ರ ಬೇರೆ. ಯೂನಿಕ್ಸ್ ಇದನ್ನು 1970ರ ಜನವರಿ 1ರ ಯುಟಿಸಿ (ಜಗತ್ತಿನ ಗಡಿಯಾರಗಳಿಗೆಲ್ಲ ಆಧಾರವಾದ ಸಮಯ) ಮಧ್ಯರಾತ್ರಿಯಿಂದ ಕಳೆದ ಸೆಕೆಂಡುಗಳ ಸಂಖ್ಯೆಯಾಗಿ ಇಡುತ್ತದೆ. ಎರಡನೆಯದು ಬರಿಯ ದಿನಾಂಕ: ಹುಟ್ಟಿದ ದಿನ, ಬಿಲ್ಲಿನ ಕೊನೆಯ ದಿನ, ಸರ್ಕಾರಿ ರಜೆ. ಇದಕ್ಕೆ ಗಂಟೆಯೂ ಇಲ್ಲ, ಕಾಲವಲಯವೂ ಇಲ್ಲ. ನೀವು ಅಮೆರಿಕಕ್ಕೆ ಹೋದರೆ ನಿಮ್ಮ ಹುಟ್ಟಿದ ದಿನ ಬದಲಾಗುವುದಿಲ್ಲ. ಮೂರನೆಯದು ಒಂದು ಊರಿನ ಗಡಿಯಾರದ ಸಮಯ: ‘ಬರುವ ಜನವರಿ 15ರ ಬೆಳಿಗ್ಗೆ 10 ಗಂಟೆಗೆ ಧಾರವಾಡದಲ್ಲಿ ಪರೀಕ್ಷೆ’ ಎಂಬಂಥದ್ದು.

2014ರಲ್ಲಿ ಬಂದ ಜಾವಾ 8, ಇವಕ್ಕೆ ಇನ್‌ಸ್ಟಂಟ್, ಲೋಕಲ್‌ಡೇಟ್, ಝೋನ್ಡ್‌ಡೇಟ್‌ಟೈಮ್ ಎಂಬ ಪ್ರತ್ಯೇಕ ವಿಧಗಳನ್ನು ಕೊಟ್ಟಿತು. ಅದಕ್ಕೂ ಹಿಂದಿನ ‘ಡೇಟ್’ ಎಂಬ ವರ್ಗವು ಹೆಸರಿನಲ್ಲಿ ದಿನಾಂಕವಾದರೂ ಒಳಗೆ ಕ್ಷಣವಾಗಿತ್ತು. ಜಾವಾಸ್ಕ್ರಿಪ್ಟ್‌ನ ‘ಡೇಟ್’ ಕೂಡ ಅದೇ ಜಾಯಮಾನದ್ದು. ಮುಂದಿನ ಪ್ರಶ್ನೆಯ ಮೂಲ ಇಲ್ಲಿಯೇ ಇದೆ.

### ಬಳಕೆದಾರರು ಆರಿಸಿದ ಜನ್ಮದಿನಾಂಕ ಒಂದು ದಿನ ಹಿಂದಕ್ಕೆ ಸರಿದು ಉಳಿಯುತ್ತದೆ. ಏಕೆ?

ಭಾರತದ ಪ್ರೋಗ್ರಾಮರುಗಳು ಅತಿ ಹೆಚ್ಚು ಸಲ ಕೇಳುವ ಪ್ರಶ್ನೆ ಇದು. ಡೇಟಾಬೇಸಿನಲ್ಲಿ 18:30 ಎಂಬ ಸಮಯ ಸಾಲುಸಾಲಾಗಿ ಕಂಡರೆ ಕಾರಣವನ್ನು ಹುಡುಕುವ ಅಗತ್ಯವೇ ಇಲ್ಲ.

ಬೆಂಗಳೂರಿನಲ್ಲಿ ಕುಳಿತವರೊಬ್ಬರು ಬ್ರೌಸರಿನ ಕ್ಯಾಲೆಂಡರಿನಲ್ಲಿ 1988ರ ಮಾರ್ಚ್ 10ನ್ನು ಆರಿಸುತ್ತಾರೆ ಎಂದುಕೊಳ್ಳಿ. ಬಹಳಷ್ಟು ಕ್ಯಾಲೆಂಡರ್ ಘಟಕಗಳು ಅದನ್ನು ಆ ದಿನದ ಸ್ಥಳೀಯ ಮಧ್ಯರಾತ್ರಿಯ ‘ಡೇಟ್’ ಆಗಿ, ಅಂದರೆ ಒಂದು ಕ್ಷಣವಾಗಿ ಮಾಡುತ್ತವೆ. ಸರ್ವರಿಗೆ ಕಳುಹಿಸಲು ಜೇಸನ್ ಎಂಬ ಪಠ್ಯರೂಪದ ದತ್ತಾಂಶವಾಗಿ ಪರಿವರ್ತಿಸುವಾಗ ಜಾವಾಸ್ಕ್ರಿಪ್ಟ್ ಅದನ್ನು ಯುಟಿಸಿಯಲ್ಲಿ ಬರೆಯುತ್ತದೆ. ನಮ್ಮ ಗಡಿಯಾರ ಯುಟಿಸಿಗಿಂತ ಐದೂವರೆ ಗಂಟೆ ಮುಂದಿರುವುದರಿಂದ ಇಲ್ಲಿನ ಮಾರ್ಚ್ 10ರ ಮಧ್ಯರಾತ್ರಿ ಅಲ್ಲಿ ಮಾರ್ಚ್ 9ರ 18:30. ಸರ್ವರಿನ ಕೋಡ್ ಮೊದಲ ಹತ್ತು ಅಕ್ಷರಗಳನ್ನು ಕತ್ತರಿಸಿ 1988-03-09 ಎಂದು ಉಳಿಸುತ್ತದೆ. ಎಲ್ಲಿಯೂ ದೋಷದ ಸೂಚನೆ ಬರುವುದಿಲ್ಲ. ಫಾರ್ಮನ್ನು ತೆರೆದು ಉಳಿಸಿದಷ್ಟು ಸಲವೂ ಜನ್ಮದಿನಾಂಕ ಒಂದೊಂದೇ ದಿನ ಹಿಂದಕ್ಕೆ ಹೋಗುತ್ತಿದ್ದ ತಂತ್ರಾಂಶವನ್ನೂ ನಾನು ಕಂಡಿದ್ದೇನೆ. ಅದರಲ್ಲಿ ಯಾರ ದಾಖಲೆ ಎಷ್ಟು ಸಲ ತಿದ್ದಲ್ಪಟ್ಟಿದೆಯೆಂದು ಗೊತ್ತಾಗದೆ, ಕೊನೆಗೆ ಕಾಗದದ ಅರ್ಜಿಗಳನ್ನು ತೆಗೆದು ಒಂದೊಂದಾಗಿ ಸರಿಪಡಿಸಬೇಕಾಯಿತು.

ಅಮೆರಿಕದಲ್ಲಿ ಇದೇ ಕೋಡ್ ಈ ರೀತಿ ಕೆಡುವುದಿಲ್ಲ. ಅಲ್ಲಿನ ಮಧ್ಯರಾತ್ರಿ ಯುಟಿಸಿಯಲ್ಲಿ ಅದೇ ದಿನದ ಬೆಳಗಿನ ಜಾವವೋ ಬೆಳಿಗ್ಗೆಯೋ ಆಗಿರುತ್ತದೆಯಾದ್ದರಿಂದ ಮೊದಲ ಹತ್ತು ಅಕ್ಷರಗಳು ಸರಿಯಾಗಿಯೇ ಬರುತ್ತವೆ. ಅಲ್ಲಿ ಕೆಡುವುದು ಇದರ ಪ್ರತಿಬಿಂಬ: ಯುಟಿಸಿ ಮಧ್ಯರಾತ್ರಿಯೆಂದು ಪಾರ್ಸ್ ಆದ ದಿನಾಂಕ, ತೆರೆಯ ಮೇಲೆ ಹಿಂದಿನ ದಿನದ ಸಂಜೆಯಾಗಿ ಕಾಣುತ್ತದೆ. ಹೀಗಾಗಿ ಇಲ್ಲಿ ಪರೀಕ್ಷಿಸಿ ಸರಿಯೆಂದದ್ದು ಅಲ್ಲಿ ತಪ್ಪುತ್ತದೆ, ಅಲ್ಲಿ ಸರಿಯಿದ್ದದ್ದು ಇಲ್ಲಿ ತಪ್ಪುತ್ತದೆ.

ಪರಿಹಾರವಾಗಿ ಐದೂವರೆ ಗಂಟೆಯನ್ನು ಕೈಯಾರೆ ಕೂಡಿಸುವ ಕೋಡನ್ನು ದಯವಿಟ್ಟು ಬರೆಯಬೇಡಿ. ಅದು ದೋಷವನ್ನು ನಿಮ್ಮ ಊರಿನಿಂದ ಬೇರೆಯವರ ಊರಿಗೆ ಸಾಗಿಸುತ್ತದೆ ಅಷ್ಟೆ. ಜನ್ಮದಿನಾಂಕವು ಕ್ಷಣವೇ ಅಲ್ಲವಾದ್ದರಿಂದ ಅದನ್ನು ಕ್ಷಣವಾಗಿಸಬಾರದು: ವರ್ಷ, ತಿಂಗಳು, ದಿನ ಮೂರನ್ನು ಬಳಕೆದಾರರು ಆರಿಸಿದಂತೆಯೇ ತೆಗೆದುಕೊಂಡು, 1988-03-10 ಎಂಬ ಹತ್ತು ಅಕ್ಷರಗಳ ಪಠ್ಯವಾಗಿ ಕಳುಹಿಸಿ, ಡೇಟಾಬೇಸಿನಲ್ಲಿ ‘ಡೇಟ್’ ವಿಧದ ಕಾಲಮ್ಮಿನಲ್ಲಿ ಇಡಬೇಕು. ದಾರಿಯುದ್ದಕ್ಕೂ ಎಲ್ಲಿಯೂ ಕಾಲವಲಯ ಒಳಗೆ ಬರಬಾರದು.

### ಜಾವಾಸ್ಕ್ರಿಪ್ಟ್ ಒಂದೇ ದಿನವನ್ನು ಕೆಲವೊಮ್ಮೆ ಯುಟಿಸಿ ಎಂದೂ ಕೆಲವೊಮ್ಮೆ ಸ್ಥಳೀಯವೆಂದೂ ಓದುವುದೇಕೆ?

ಪಠ್ಯದ ರೂಪವನ್ನು ನೋಡಿ ಅದು ತೀರ್ಮಾನಿಸುತ್ತದೆ. 2024-03-10 ಎಂದಷ್ಟೇ ಇದ್ದರೆ ಯುಟಿಸಿ ಮಧ್ಯರಾತ್ರಿ. ಅದೇ ದಿನಾಂಕಕ್ಕೆ ಗಂಟೆ ಸೇರಿಸಿ ಆಫ್‌ಸೆಟ್ (ಯುಟಿಸಿಯಿಂದ ಇರುವ ಅಂತರ) ಬಿಟ್ಟರೆ ಸ್ಥಳೀಯ ಸಮಯ. ಅಡ್ಡಗೆರೆಯ ಬದಲು ಓರೆಗೆರೆ ಹಾಕಿ 2024/03/10 ಎಂದರೆ ಅದು ಭಾಷೆಯ ನಿರ್ದಿಷ್ಟಣೆಯಲ್ಲೇ ಇಲ್ಲದ ರೂಪ, ಆಯಾ ಎಂಜಿನ್ ತನಗೆ ತೋಚಿದಂತೆ ಓದಬಹುದು. ಸಾಮಾನ್ಯವಾಗಿ ಸ್ಥಳೀಯವೆಂದೇ ಓದುತ್ತದೆ. ತಿಂಗಳುಗಳ ಎಣಿಕೆ ಸೊನ್ನೆಯಿಂದ ಶುರುವಾಗುವುದು, ಮಾರ್ಚ್ ಎಂದರೆ 2 ಆಗುವುದು, ಜಾವಾದ ಹಳೆಯ ‘ಡೇಟ್’ ವರ್ಗದಿಂದ ಬಂದ ಬಳುವಳಿ. ಹೊಸ ಬ್ರೌಸರುಗಳಲ್ಲಿ ಬರತೊಡಗಿರುವ ‘ಟೆಂಪೊರಲ್’ ಬರಿಯ ದಿನಾಂಕಕ್ಕೆ ಬೇರೆಯದೇ ವಿಧವನ್ನು ಕೊಡುತ್ತದೆ, ತಿಂಗಳನ್ನೂ 1ರಿಂದ ಎಣಿಸುತ್ತದೆ.

### 03/04/2024 ಎಂದರೆ ಯಾವುದು, ಏಪ್ರಿಲ್ 3 ಅಥವಾ ಮಾರ್ಚ್ 4?

ಪಠ್ಯವನ್ನಷ್ಟೇ ನೋಡಿ ಹೇಳಲು ಯಾರಿಗೂ ಸಾಧ್ಯವಿಲ್ಲ. ನಮ್ಮಲ್ಲಿ ದಿನ ಮೊದಲು, ಅಮೆರಿಕದಲ್ಲಿ ತಿಂಗಳು ಮೊದಲು. ಪ್ರತಿ ತಿಂಗಳ ಮೊದಲ 12 ದಿನಗಳಲ್ಲಿ ಈ ಗೊಂದಲವಿದೆ. 01/01, 02/02 ರೀತಿಯ 12 ದಿನಗಳನ್ನು ಬಿಟ್ಟರೆ ವರ್ಷದಲ್ಲಿ 132 ದಿನಗಳನ್ನು ಎರಡು ರೀತಿಯಲ್ಲೂ ಓದಬಹುದು. ಉಳಿದ ದಿನಗಳಲ್ಲಿ ಸಮಸ್ಯೆ ತಲೆದೋರುವುದಿಲ್ಲ. ದೋಷ ಬಹುಕಾಲ ಅಡಗಿ ಕೂರಲು ಇದೇ ಕಾರಣ.

ಎಕ್ಸೆಲ್‌ನಲ್ಲಿ ಇದು ಹೇಗೆ ಕಾಣುತ್ತದೆ ಎಂಬುದನ್ನು ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮ ಕಚೇರಿಗಳ ದತ್ತಾಂಶ ಬಹುಪಾಲು ಅದರ ಮೂಲಕವೇ ಬರುತ್ತದೆ. ವಿಂಡೋಸ್‌ನ ಪ್ರಾದೇಶಿಕ ವ್ಯವಸ್ಥೆ ಅಮೆರಿಕದ ಇಂಗ್ಲಿಷ್‌ನಲ್ಲೇ ಉಳಿದಿರುವ ಕಂಪ್ಯೂಟರಿನಲ್ಲಿ ನಮ್ಮ ಕ್ರಮದ ಸಿಎಸ್‌ವಿ ಕಡತವನ್ನು ತೆರೆದರೆ, 05/04/2024 ಎಂಬುದು ಸದ್ದಿಲ್ಲದೆ ಮೇ 4 ಆಗುತ್ತದೆ. 13/04/2024 ಎಂಬುದು 13ನೇ ತಿಂಗಳಿಲ್ಲದ ಕಾರಣ ಬರಿಯ ಪಠ್ಯವಾಗಿ ಉಳಿಯುತ್ತದೆ. ಒಂದೇ ಕಾಲಮ್ಮಿನಲ್ಲಿ ಕೆಲವು ದಿನಾಂಕಗಳು ಬಲಕ್ಕೂ ಕೆಲವು ಎಡಕ್ಕೂ ಅಂಟಿಕೊಂಡಿದ್ದರೆ ಇದೇ ಆಗಿದೆಯೆಂದು ತಿಳಿಯಿರಿ. ಎಡಕ್ಕಿರುವವು ಕೆಟ್ಟಂತೆ ಕಂಡರೂ ಅವೇ ಸರಿಯಾದವು. ಅಚ್ಚುಕಟ್ಟಾಗಿ ಬಲಕ್ಕೆ ನಿಂತವುಗಳೇ ಅದಲುಬದಲಾದವು. ಆ ಸ್ಥಿತಿಯಲ್ಲಿ ‘ಸೇವ್’ ಒತ್ತಿದರೆ ಮೂಲ ದತ್ತಾಂಶ ಹೋಯಿತು.

ಲೈಬ್ರರಿಗಳ ಊಹೆಯೂ ಇಂಥದ್ದೇ. ಪೈಥಾನ್‌ನ ಡೇಟ್‌ಯುಟಿಲ್ ಬೇರೆ ಹೇಳದಿದ್ದರೆ ತಿಂಗಳು ಮೊದಲೆಂದು ಓದುತ್ತದೆ, ಹೊಂದದಿದ್ದಾಗ ಮಾತ್ರ ಕ್ರಮವನ್ನು ತಿರುವುತ್ತದೆ. ಪಾಂಡಾಸ್ ಕೂಡ 2023ರ 2.0 ಆವೃತ್ತಿಗೆ ಮೊದಲು ಪ್ರತಿಯೊಂದು ಸಾಲನ್ನೂ ಬೇರೆ ಬೇರೆಯಾಗಿ ಊಹಿಸುತ್ತಿತ್ತು. ಆನಂತರ ಮೊದಲ ಮೌಲ್ಯದಿಂದ ಒಂದು ಫಾರ್ಮ್ಯಾಟನ್ನು ಗುರುತಿಸಿ, ಇಡೀ ಕಾಲಮ್ಮಿಗೆ ಅದನ್ನೇ ಅನ್ವಯಿಸಿ, ಹೊಂದದಿದ್ದರೆ ದೋಷ ಹೇಳುತ್ತದೆ. ಇದು ಒಳ್ಳೆಯ ಬದಲಾವಣೆ. ಆದರೂ ಫಾರ್ಮ್ಯಾಟನ್ನು ನೀವೇ ಬರೆದು ಕೊಡುವುದಕ್ಕೆ ಸಮನಾದದ್ದು ಯಾವುದೂ ಇಲ್ಲ.

### ಹಾಗಾದರೆ ಯಾವ ರೂಪದಲ್ಲಿ ಬರೆಯಬೇಕು?

ಯಂತ್ರಗಳ ನಡುವೆ ಓಡಾಡುವ ಪಠ್ಯಕ್ಕೆ ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಮಾನಕವಿದೆ. ಮೊದಲ ಆವೃತ್ತಿ 1988ರದ್ದು. ವರ್ಷ, ತಿಂಗಳು, ದಿನ, ಗಂಟೆ, ನಿಮಿಷ ಎಂದು ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವುದರಿಂದ ಎಲ್ಲವೂ ಒಂದೇ ಆಫ್‌ಸೆಟ್‌ನಲ್ಲಿದ್ದರೆ ಇದನ್ನು ಬರಿಯ ಅಕ್ಷರಕ್ರಮದಲ್ಲಿ ಜೋಡಿಸಿದರೂ ಕಾಲಕ್ರಮವೇ ಬರುತ್ತದೆ. ಆ ಮಾನಕ ಬಹಳ ವಿಶಾಲವಾದದ್ದು, ವಾರದ ಸಂಖ್ಯೆ ಮತ್ತು ಅವಧಿಗಳನ್ನೂ ಒಳಗೊಳ್ಳುತ್ತದೆ. ಅಂತರ್ಜಾಲಕ್ಕೆ ಬೇಕಾದಷ್ಟನ್ನು ಬಿಗಿಗೊಳಿಸಿದ ರೂಪ 2002ರ ಆರ್‌ಎಫ್‌ಸಿ 3339. ಕ್ಷಣವನ್ನು ಬರೆಯುವಾಗ ಕೊನೆಯಲ್ಲಿ +05:30 ಎಂಬ ಆಫ್‌ಸೆಟ್ ಅಥವಾ ಯುಟಿಸಿಯನ್ನು ಸೂಚಿಸುವ ‘ಝಡ್’ ಅಕ್ಷರ ಇರಲೇಬೇಕು. ಪೈಥಾನ್‌ನ ಅಂತರ್ಗತ ಐಎಸ್‌ಒ ಪಾರ್ಸರ್ ಈ ‘ಝಡ್’ ಅನ್ನು 3.11ನೇ ಆವೃತ್ತಿಯಿಂದ ಮಾತ್ರ ಒಪ್ಪುತ್ತದೆ. ಹಳೆಯ ಸರ್ವರಿನಲ್ಲಿ ಕೋಡ್ ಬಿದ್ದರೆ ಮೊದಲು ಇದನ್ನು ನೋಡಿ.

### ಫಾರ್ಮ್ಯಾಟಿನ ಸಂಕೇತಾಕ್ಷರಗಳಲ್ಲಿ ಎಲ್ಲಿ ಹೆಚ್ಚು ಎಡವುತ್ತೇವೆ?

ದೊಡ್ಡ–ಸಣ್ಣ ಅಕ್ಷರಗಳಲ್ಲಿ. ಜಾವಾದಲ್ಲಿ ದೊಡ್ಡ ಎಂ ತಿಂಗಳು, ಸಣ್ಣ ಎಂ ನಿಮಿಷ. ಸಿ ಮತ್ತು ಪೈಥಾನ್‌ಗಳಲ್ಲಿ ಶೇಕಡಾ ಚಿಹ್ನೆಯ ಜೊತೆಗೆ ಬರುವ ಇದೇ ಅಕ್ಷರಗಳಿಗೆ ನೇರ ವಿರುದ್ಧ ಅರ್ಥ. ಜಾವಾದಲ್ಲಿ ದೊಡ್ಡ ಎಚ್ 24 ಗಂಟೆಯ ಎಣಿಕೆ, ಸಣ್ಣ ಎಚ್ 12 ಗಂಟೆಯದು. ಸಣ್ಣ ಎಚ್ ಬಳಸಿ ಪೂರ್ವಾಹ್ನ–ಅಪರಾಹ್ನದ ಗುರುತನ್ನು ಬಿಟ್ಟರೆ ಮಧ್ಯಾಹ್ನ 3 ಗಂಟೆ ಬೆಳಗಿನ ಜಾವ 3 ಗಂಟೆಯಿಂದ ಬೇರೆಯಾಗಿ ಕಾಣುವುದಿಲ್ಲ. ಸಣ್ಣ ಡಿ ತಿಂಗಳ ದಿನ, ದೊಡ್ಡ ಡಿ ವರ್ಷದ ಎಷ್ಟನೇ ದಿನವೆಂಬುದು. ಜನವರಿಯಲ್ಲಿ ಬರೆದು ಪರೀಕ್ಷಿಸಿದ ಕೋಡಿನಲ್ಲಿ ಇವೆರಡೂ ಒಂದೇ ಸಂಖ್ಯೆಯನ್ನು ಕೊಡುತ್ತವೆ.

ಇವೆಲ್ಲಕ್ಕಿಂತ ಅಪಾಯಕಾರಿಯಾದದ್ದು ದೊಡ್ಡ ವೈ. ಸಣ್ಣ ವೈ ಕ್ಯಾಲೆಂಡರಿನ ವರ್ಷ. ದೊಡ್ಡ ವೈ ವಾರಗಳ ಲೆಕ್ಕದ ವರ್ಷ, ಅಂದರೆ ಆ ದಿನ ಇರುವ ವಾರ ಯಾವ ವರ್ಷಕ್ಕೆ ಸೇರಿದ್ದೋ ಅದು. 2024ರ ಡಿಸೆಂಬರ್ 30 ಸೋಮವಾರ. ಆ ವಾರ 2025ರ ಮೊದಲ ವಾರ. ದೊಡ್ಡ ವೈ ಬಳಸಿದ ಕೋಡ್ ಆ ದಿನವನ್ನು 2025ರ ಡಿಸೆಂಬರ್ 30 ಎಂದು ಬರೆಯುತ್ತದೆ, ಒಂದಿಡೀ ವರ್ಷ ಮುಂದಕ್ಕೆ. ವರ್ಷದ ಕೊನೆಯ ಮತ್ತು ಮೊದಲ ಕೆಲವು ದಿನಗಳನ್ನು ಬಿಟ್ಟು ಉಳಿದೆಲ್ಲ ದಿನಗಳಲ್ಲಿ ಎರಡೂ ಒಂದೇ ಉತ್ತರ ಕೊಡುವುದರಿಂದ ಈ ತಪ್ಪು ಹನ್ನೊಂದು ತಿಂಗಳಿಗೂ ಹೆಚ್ಚು ಕಾಲ ಸುಮ್ಮನಿದ್ದು, ಎಲ್ಲರೂ ರಜೆಯಲ್ಲಿರುವ ವಾರದಲ್ಲಿ ಎದ್ದು ಕೂರುತ್ತದೆ. ಒಂದು ವರ್ಷ ಈ ಕಾರಣಕ್ಕೇ ಡಿಸೆಂಬರ್ ಕೊನೆಯ ರಾತ್ರಿಯನ್ನು ನಾನು ಕಚೇರಿಯಲ್ಲಿ ಕಳೆದಿದ್ದೇನೆ. ಅಂದಿನಿಂದ ಹೊಸ ಯೋಜನೆಗೆ ಸೇರಿದ ದಿನವೇ ಇಡೀ ಕೋಡಿನಲ್ಲಿ ನಾಲ್ಕು ದೊಡ್ಡ ವೈಗಳನ್ನು ಹುಡುಕುವುದನ್ನು ರೂಢಿಸಿಕೊಂಡಿದ್ದೇನೆ.

ಗೋ ಭಾಷೆ ಅಕ್ಷರಗಳನ್ನೇ ಬಿಟ್ಟು, 2006ರ ಜನವರಿ 2ರ 15:04:05 ಎಂಬ ಒಂದು ನಿಗದಿತ ಸಮಯವನ್ನು ನಿಮಗೆ ಬೇಕಾದ ರೂಪದಲ್ಲಿ ಬರೆದು ತೋರಿಸಿ ಎನ್ನುತ್ತದೆ. ತಿಂಗಳು 1, ದಿನ 2, ಗಂಟೆ 3, ನಿಮಿಷ 4, ಸೆಕೆಂಡು 5, ವರ್ಷ 6 ಎಂಬ ಆ ಕ್ರಮ ಅಮೆರಿಕದ್ದಾದ್ದರಿಂದ ನಮ್ಮವರು 01 ಮತ್ತು 02ನ್ನು ಅದಲುಬದಲು ಮಾಡುವುದು ಸಹಜ.

ಜಾವಾದ ಹಳೆಯ ಸಿಂಪಲ್‌ಡೇಟ್‌ಫಾರ್ಮ್ಯಾಟನ್ನು ಹಲವು ಥ್ರೆಡ್‌ಗಳು (ಒಂದೇ ಪ್ರೋಗ್ರಾಮಿನಲ್ಲಿ ಏಕಕಾಲಕ್ಕೆ ಓಡುವ ಎಳೆಗಳು) ಹಂಚಿಕೊಂಡರೆ ಒಬ್ಬರ ದಿನಾಂಕ ಇನ್ನೊಬ್ಬರಿಗೆ ಹೋಗಬಹುದು. ಹೊಸ ಡೇಟ್‌ಟೈಮ್‌ಫಾರ್ಮ್ಯಾಟರಿಗೆ ಈ ದೋಷವಿಲ್ಲ.

### ಪೈಥಾನ್‌ನಲ್ಲಿ ಕೋಲ್ಕತ್ತ ಕಾಲವಲಯ ಕೊಟ್ಟರೆ +05:30 ಬದಲು +05:53 ಬರುತ್ತದೆ. ಈ 23 ನಿಮಿಷ ಎಲ್ಲಿಂದ ಬಂತು?

ಇತಿಹಾಸದಿಂದ. ಭಾರತದ ಕಾಲವಲಯಕ್ಕೆ ಕಂಪ್ಯೂಟರುಗಳಲ್ಲಿರುವ ಹೆಸರು ‘ಏಷ್ಯಾ/ಕೋಲ್ಕತ್ತ’. ಆರ್ಥರ್ ಡೇವಿಡ್ ಓಲ್ಸನ್ ಆರಂಭಿಸಿ, ಪಾಲ್ ಎಗರ್ಟ್ ಮುಂದುವರಿಸಿಕೊಂಡು ಬಂದಿರುವ, 2011ರಿಂದ ಅಂತರ್ಜಾಲದ ಹೆಸರು–ಸಂಖ್ಯೆಗಳನ್ನು ನೋಡಿಕೊಳ್ಳುವ ಐಎಎನ್‌ಎ ಆಶ್ರಯದಲ್ಲಿರುವ ಕಾಲವಲಯ ದತ್ತಾಂಶಕೋಶದಿಂದ ಈ ಹೆಸರು ಬರುತ್ತದೆ. ಅದರಲ್ಲಿ ಪ್ರತಿ ವಲಯದ ಈಗಿನ ಆಫ್‌ಸೆಟ್ ಮಾತ್ರವಲ್ಲ, ಹಿಂದಿನವೂ ಇವೆ. ಕೋಲ್ಕತ್ತದ ಸಾಲಿನಲ್ಲಿ ಮೊದಲು ಇರುವುದು ಆ ಊರಿನ ಸೂರ್ಯನನ್ನು ಅನುಸರಿಸಿದ ಸ್ಥಳೀಯ ಸಮಯ, 5 ಗಂಟೆ 53 ನಿಮಿಷ 28 ಸೆಕೆಂಡು. ಆಮೇಲೆ 1870ರಿಂದ 5 ಗಂಟೆ 21 ನಿಮಿಷ 10 ಸೆಕೆಂಡಿನ ಮದ್ರಾಸ್ ಸಮಯ. 82.5 ಡಿಗ್ರಿ ಪೂರ್ವ ರೇಖಾಂಶವನ್ನು ಆಧರಿಸಿದ ಐದೂವರೆ ಗಂಟೆಯ ಭಾರತೀಯ ಕಾಲಮಾನ ಶುರುವಾದದ್ದು 1906ರ ಜನವರಿ 1ರಂದು. ಎರಡನೇ ಮಹಾಯುದ್ಧದ ಕಾಲದಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕಿಟ್ಟು ಆರೂವರೆ ಮಾಡಲಾಗಿತ್ತು. 1945ರ ಅಕ್ಟೋಬರಿನಲ್ಲಿ ಅದು ಮತ್ತೆ ಐದೂವರೆಗೆ ಮರಳಿತು.

ಪೈಟಿಝಡ್ ಎಂಬ ಹಳೆಯ ಲೈಬ್ರರಿಯ ವಲಯವನ್ನು ನೇರವಾಗಿ ಡೇಟ್‌ಟೈಮ್‌ನ ವಲಯದ ಜಾಗಕ್ಕೆ ಕೊಟ್ಟರೆ, ಯಾವ ದಿನವೆಂದು ನೋಡಿ ಆಫ್‌ಸೆಟ್ ಆರಿಸುವ ಅವಕಾಶ ಅದಕ್ಕೆ ಸಿಗುವುದಿಲ್ಲ. ಪಟ್ಟಿಯ ಮೊದಲ ಸಾಲನ್ನು ಎತ್ತಿಕೊಂಡು ಸೆಕೆಂಡುಗಳನ್ನು ಬಿಟ್ಟು 5:53 ಎನ್ನುತ್ತದೆ. ಆ ಲೈಬ್ರರಿಯಲ್ಲೇ ಇರುವ ‘ಲೋಕಲೈಝ್’ ವಿಧಾನವನ್ನು ಬಳಸಬೇಕು. ಅದಕ್ಕಿಂತಲೂ ಒಳ್ಳೆಯದು ಪೈಥಾನ್ 3.9ರಿಂದ ಅಂತರ್ಗತವಾಗಿರುವ ಝೋನ್‌ಇನ್ಫೊ. ಅದರಲ್ಲಿ ಈ ಸಮಸ್ಯೆಯೇ ಇಲ್ಲ. ನಿಮ್ಮ ಹಳೆಯ ದಾಖಲೆಗಳಲ್ಲಿ ಸರಿಯಾಗಿ 23 ನಿಮಿಷದ ವ್ಯತ್ಯಾಸ ಕಂಡರೆ ಯಾವುದೋ ಒಂದು ಸಾಲಿನ ಕೋಡ್ ಇದನ್ನು ಮಾಡಿದೆ ಎಂದು ಖಚಿತವಾಗಿ ಹುಡುಕಬಹುದು.

### ಕಾಲವಲಯವನ್ನು ‘ಐಎಸ್‌ಟಿ’ ಎಂದು ಬರೆದರೆ ಸಾಲದೇ?

ಸಾಲದು. ಇಸ್ರೇಲಿನ ಮತ್ತು ಐರ್ಲೆಂಡಿನ ಸಮಯಕ್ಕೂ ಅದೇ ಮೂರಕ್ಷರ. ಓದುವ ಮನುಷ್ಯರಿಗೆ ಸಂದರ್ಭದಿಂದ ತಿಳಿಯುತ್ತದೆ, ಪಾರ್ಸರಿಗೆ ತಿಳಿಯುವುದಿಲ್ಲ.

### ಎಲ್ಲವನ್ನೂ ಯುಟಿಸಿಯಲ್ಲಿ ಇಟ್ಟುಬಿಟ್ಟರೆ ಸಮಸ್ಯೆ ಮುಗಿಯಿತಲ್ಲವೇ?

ಆಗಿಹೋದ ಕ್ಷಣಗಳಿಗೆ ಹೌದು. ಮುಂದೆ ನಡೆಯಬೇಕಾದ ಕಾರ್ಯಕ್ರಮಕ್ಕೆ ಅಲ್ಲ. ಬೆಂಗಳೂರಿನ ತಂಡ ಮತ್ತು ನ್ಯೂಜೆರ್ಸಿಯ ತಂಡ ಪ್ರತಿ ವಾರ ಅಲ್ಲಿನ ಬೆಳಿಗ್ಗೆ 9 ಗಂಟೆಗೆ ಮಾತಾಡುತ್ತವೆ ಎಂದಿಟ್ಟುಕೊಳ್ಳಿ. ಚಳಿಗಾಲದಲ್ಲಿ ಅದು ನಮ್ಮ ಸಂಜೆ ಏಳೂವರೆ. ಮಾರ್ಚ್ ಎರಡನೇ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕಿಟ್ಟಾಗ ಅದೇ ಸಭೆ ನಮ್ಮ ಆರೂವರೆಗೆ ಬರಬೇಕು, ನವೆಂಬರ್ ಮೊದಲ ಭಾನುವಾರ ಮತ್ತೆ ಏಳೂವರೆಗೆ. ಸಭೆಯನ್ನು ಯುಟಿಸಿಯಲ್ಲಿ ಉಳಿಸಿದ್ದರೆ ನಮ್ಮ ಗಡಿಯಾರದಲ್ಲಿ ಏನೂ ಬದಲಾಗದೆ, ಅಲ್ಲಿಯವರಿಗೆ 10 ಗಂಟೆಯೆಂದು ತೋರಿಸುತ್ತದೆ. ಆದ್ದರಿಂದ ಭವಿಷ್ಯದ ಕಾರ್ಯಕ್ರಮಕ್ಕೆ ಗಡಿಯಾರದ ಸಮಯ ಮತ್ತು ಊರಿನ ವಲಯದ ಹೆಸರು ಎರಡನ್ನೂ ಇಟ್ಟು, ಯುಟಿಸಿಯನ್ನು ಬೇಕಾದಾಗ ಲೆಕ್ಕಹಾಕಬೇಕು. ದೇಶಗಳು ನಿಯಮ ಬದಲಿಸುತ್ತಲೇ ಇರುತ್ತವೆ: ಸಮೋವಾ 2011ರ ಡಿಸೆಂಬರ್ 30ನ್ನು ಪೂರ್ತಿಯಾಗಿ ಬಿಟ್ಟು 29ರಿಂದ 31ಕ್ಕೆ ದಾಟಿತು.

ಇಲ್ಲಿಯೇ ಇನ್ನೊಂದು ಮಾತು. ನ್ಯೂಯಾರ್ಕ್‌ನಲ್ಲಿ 2024ರ ಮಾರ್ಚ್ 10ರಂದು ನಸುಕಿನ 2:30 ಎಂಬ ಸಮಯ ಇರಲೇ ಇಲ್ಲ. ಅದೇ ವರ್ಷದ ನವೆಂಬರ್ 3ರಂದು 1:30 ಎರಡು ಸಲ ಬಂತು. ಅಂಥ ಪಠ್ಯವನ್ನು ಪಾರ್ಸ್ ಮಾಡಿದಾಗ ನಿಮ್ಮ ಲೈಬ್ರರಿ ಏನು ಮಾಡುತ್ತದೆ ಎಂಬುದನ್ನು ಅದರ ದಾಖಲಾತಿಯಲ್ಲಿ ಓದಿಕೊಳ್ಳಿ. ಗಡಿಯಾರ ಸರಿಸುವ ರೂಢಿಯಿಲ್ಲದ ದೇಶದಲ್ಲಿ ಬೆಳೆದ ನಮಗೆ ಇದು ತಾನಾಗಿ ಹೊಳೆಯುವುದಿಲ್ಲ.

### ‘ಭಾನುವಾರ ರಾತ್ರಿ 12:30’ ಎಂದರೆ ಯಾವ ದಿನಾಂಕ?

ತಂತ್ರಾಂಶದ ಪ್ರಕಾರ 12:30 ಎಂಬುದು ಹೊಸ ದಿನದ 00:30. ಆದರೆ ನಮ್ಮ ಮಾತಿನಲ್ಲಿ ಬೆಳಗಾಗುವವರೆಗೆ ಹಿಂದಿನ ದಿನದ ರಾತ್ರಿಯೇ. ಪಂಚಾಂಗದಲ್ಲೂ ವಾರ ಬದಲಾಗುವುದು ಸೂರ್ಯೋದಯಕ್ಕೆ. ‘ಭಾನುವಾರ ರಾತ್ರಿ 12:30ರ ಬಸ್ಸು’ ಎಂದು ಹೇಳುವವರು ಸೋಮವಾರದ 00:30ನ್ನು ಹೇಳುತ್ತಿರುತ್ತಾರೆ, ಟಿಕೆಟ್ ಮಾತ್ರ ಭಾನುವಾರದ್ದು ತೆಗೆದಿರುತ್ತಾರೆ. ಇದನ್ನು ಪಾರ್ಸರ್ ಬಗೆಹರಿಸಲಾರದು, ತೆರೆಯ ಮೇಲಿನ ಬರಹ ಬಗೆಹರಿಸಬಲ್ಲದು: ‘ಭಾನುವಾರ ರಾತ್ರಿ ಕಳೆದು ಸೋಮವಾರ, ಮಾರ್ಚ್ 11, 00:30’ ಎಂದು ಎರಡೂ ದಿನಗಳನ್ನು ಹೆಸರಿಸಿ ಬರೆಯಬೇಕು. ದಿನದ ಕೊನೆಯ ಗಡುವಿಗೆ ‘ರಾತ್ರಿ 12’ ಎನ್ನದೆ 23:59 ಎಂದು ಬರೆಯುವುದೂ ಇದೇ ಕಾರಣಕ್ಕೆ.

### ದಿನಾಂಕವನ್ನು ಕನ್ನಡದಲ್ಲಿ ತೋರಿಸುವುದು ಹೇಗೆ?

ತಿಂಗಳುಗಳ ಹೆಸರನ್ನು ನೀವೇ ಪಟ್ಟಿ ಮಾಡಿ ಬರೆಯಬೇಕಾಗಿಲ್ಲ. ಯೂನಿಕೋಡ್ ಒಕ್ಕೂಟದ ಸಿಎಲ್‌ಡಿಆರ್ ಎಂಬ ದತ್ತಾಂಶಕೋಶದಲ್ಲಿ ಕನ್ನಡದ ವಾರ, ತಿಂಗಳು, ದಿನದ ಭಾಗಗಳು ಎಲ್ಲವೂ ಇವೆ. ಜಾವಾ, ಆಂಡ್ರಾಯ್ಡ್, ಬ್ರೌಸರುಗಳು ಅದನ್ನೇ ಬಳಸುತ್ತವೆ. ಲೊಕೇಲನ್ನು ‘ಕೆಎನ್-ಐಎನ್’ ಎಂದು ಕೊಟ್ಟರೆ ಸಾಕು. ಅಂಕಿಗಳು ಸಾಮಾನ್ಯವಾಗಿ 1, 2, 3 ಆಗಿಯೇ ಬರುತ್ತವೆ. ೧, ೨, ೩ ಬೇಕಿದ್ದರೆ ಅಂಕಿಪದ್ಧತಿಯನ್ನು ಪ್ರತ್ಯೇಕವಾಗಿ ಕೇಳಬೇಕು.

ಪೂರ್ವಾಹ್ನ, ಅಪರಾಹ್ನ ಎಂಬ ಪದಗಳು ಸಿದ್ಧವಾಗಿ ಸಿಗುತ್ತವೆ. ಸರ್ಕಾರಿ ಪ್ರಕಟಣೆಗೆ ಅವು ಒಪ್ಪುತ್ತವೆ. ಆದರೆ ಸಾಮಾನ್ಯ ಬಳಕೆದಾರರ ಆ್ಯಪಿನಲ್ಲಿ ‘ಅಪರಾಹ್ನ 8:00’ ಎಂದು ಬರೆಯುವುದನ್ನು ನಾನು ಒಪ್ಪುವುದಿಲ್ಲ. ನಾವು ಹೇಳುವುದು ರಾತ್ರಿ 8 ಗಂಟೆ. ದಿನದ ಭಾಗಗಳನ್ನು ಬಳಸುವ ಫಾರ್ಮ್ಯಾಟ್ ಆರಿಸಿದರೆ ಬೆಳಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಎಂಬ ನಮ್ಮ ಪದಗಳೇ ಬರುತ್ತವೆ.

ನಿಜವಾದ ಕಷ್ಟ ಇರುವುದು ವಿಭಕ್ತಿ ಪ್ರತ್ಯಯದಲ್ಲಿ. ಇಂಗ್ಲಿಷಿನಲ್ಲಿ ತಿಂಗಳ ಹೆಸರಿನ ಮುಂಚೆ ಒಂದು ಪದ ಇಟ್ಟರೆ ವಾಕ್ಯ ಮುಗಿಯುತ್ತದೆ. ಕನ್ನಡದಲ್ಲಿ ಜನವರಿಯಲ್ಲಿ, ಮಾರ್ಚ್‌ನಲ್ಲಿ, ಅಕ್ಟೋಬರಿನಲ್ಲಿ ಎಂದು ಹೆಸರಿನ ಕೊನೆಗೆ ತಕ್ಕಂತೆ ಪ್ರತ್ಯಯದ ರೂಪ ಬದಲಾಗುತ್ತದೆ. ‘ನಲ್ಲಿ’ ಎಂಬುದನ್ನು ಎಲ್ಲಕ್ಕೂ ಅಂಟಿಸಿದ ತಂತ್ರಾಂಶ ‘ಜನವರಿನಲ್ಲಿ’ ಎಂದು ಬರೆಯುತ್ತದೆ. ಇದಕ್ಕೆ ಸರಳ ಉಪಾಯವೆಂದರೆ ಪ್ರತ್ಯಯವನ್ನು ಬದಲಾಗುವ ಪದಕ್ಕೆ ಅಂಟಿಸದೆ ಬದಲಾಗದ ಪದಕ್ಕೆ ಅಂಟಿಸುವುದು: ಜನವರಿ ತಿಂಗಳಿನಲ್ಲಿ, ಮಾರ್ಚ್ ತಿಂಗಳಿನಲ್ಲಿ, ಸೋಮವಾರದ ದಿನ. ಅಥವಾ ವಾಕ್ಯವನ್ನೇ ಬಿಟ್ಟು ‘ಕೊನೆಯ ದಿನಾಂಕ: ಮಾರ್ಚ್ 10, 2024’ ಎಂದು ಇಡುವುದು.

### ಬಳಕೆದಾರರು ಕನ್ನಡ ಅಂಕಿಗಳಲ್ಲಿ ದಿನಾಂಕ ಬರೆದರೆ ಪಾರ್ಸ್ ಆಗುತ್ತದೆಯೇ?

ಭಾಷೆಯನ್ನು ಅವಲಂಬಿಸಿದೆ. ಪೈಥಾನ್ ಮತ್ತು ಜಾವಾಗಳ ಪೂರ್ಣಾಂಕ ಪರಿವರ್ತನೆ ೨೦೨೪ ಎಂಬುದನ್ನು 2024 ಎಂದೇ ಓದುತ್ತದೆ. ಜಾವಾಸ್ಕ್ರಿಪ್ಟ್ ಅದನ್ನು ಸಂಖ್ಯೆಯೆಂದೇ ಒಪ್ಪುವುದಿಲ್ಲ. ಒಳಬಂದ ಕೂಡಲೇ ಹತ್ತೂ ಅಂಕಿಗಳನ್ನು ಬದಲಿಸಿಕೊಂಡು ಮುಂದುವರಿಯುವುದು ಎಲ್ಲೆಡೆ ನಡೆಯುವ ದಾರಿ. ಕನ್ನಡ ಅಂಕಿಗಳಲ್ಲಿ ಬರೆದವರನ್ನು ‘ದಿನಾಂಕ ಸರಿಯಿಲ್ಲ’ ಎಂದು ಹಿಂದಕ್ಕೆ ಕಳುಹಿಸುವುದು ಮಾತ್ರ ಸರಿಯಲ್ಲ.

### ಶಕವರ್ಷ, ತಿಥಿಗಳನ್ನೂ ಹೀಗೆಯೇ ಪಡೆಯಬಹುದೇ?

ರಾಷ್ಟ್ರೀಯ ಶಕ ಪಂಚಾಂಗವನ್ನು ಪಡೆಯಬಹುದು. 1957ರ ಮಾರ್ಚ್ 22ರಂದು, ಶಕ 1879ರ ಚೈತ್ರ 1ರಿಂದ ಜಾರಿಗೆ ಬಂದ ಅದು ಸೌರಮಾನದ್ದು, ಲೆಕ್ಕ ನೇರ. ಯುಗಾದಿ, ತಿಥಿ, ನಕ್ಷತ್ರಗಳು ಬೇರೆಯವೇ: ಅವಕ್ಕೆ ಸೂರ್ಯ, ಚಂದ್ರರ ಸ್ಥಾನವೂ ಊರಿನ ಸೂರ್ಯೋದಯವೂ ಬೇಕು. ಫಾರ್ಮ್ಯಾಟಿಂಗ್ ಲೈಬ್ರರಿಗಳಿಂದ ಅದನ್ನು ನಿರೀಕ್ಷಿಸಬಾರದು.

### ತೆರೆಯ ಮೇಲೆ ತೋರಿಸಿದ ಪಠ್ಯವನ್ನೇ ಮತ್ತೆ ಪಾರ್ಸ್ ಮಾಡಬಹುದೇ?

ಮಾಡಬೇಡಿ. ಜನರಿಗಾಗಿ ಬರೆದ ರೂಪ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ, ಬದಲಾಗಲೂಬೇಕು. 2023ರ ಜಾವಾ 20ರಲ್ಲಿ ಇಂಗ್ಲಿಷ್ ಸಮಯದ ‘ಎಎಂ’, ‘ಪಿಎಂ’ ಮುಂಚಿನ ಸಾಮಾನ್ಯ ಖಾಲಿ ಜಾಗದ ಬದಲಿಗೆ ಕಿರಿದಾದ, ಮುರಿಯದ ಇನ್ನೊಂದು ಖಾಲಿ ಅಕ್ಷರ ಬಂತು. ಕಣ್ಣಿಗೆ ವ್ಯತ್ಯಾಸವೇ ಕಾಣದ ಆ ಬದಲಾವಣೆಯಿಂದ, ಅದುವರೆಗೆ ನಡೆಯುತ್ತಿದ್ದ ಎಷ್ಟೋ ಪಾರ್ಸಿಂಗ್ ಕೋಡ್ ನಿಂತುಹೋಯಿತು.

### ಎರಡಂಕಿಯ ವರ್ಷ ಬಂದರೆ?

ಯೂನಿಕ್ಸ್ ಮಾದರಿಯ ವ್ಯವಸ್ಥೆಗಳ ಮಾನಕವಾದ ಪಾಸಿಕ್ಸ್‌ನ ನಿಯಮದಂತೆ 69ರಿಂದ 99ರವರೆಗೆ 1900ರ ಶತಮಾನ, 00ಯಿಂದ 68ರವರೆಗೆ 2000ದ್ದು. ಹಾಗಾಗಿ 12/08/52 ಎಂದು ಬರೆದ ಅಜ್ಜಿಯ ಜನ್ಮದಿನ 2052ಕ್ಕೆ ಹೋಗುತ್ತದೆ. ಜನ್ಮದಿನಾಂಕ ಇಂದಿಗಿಂತ ಮುಂದಿದ್ದರೆ ತಡೆಯುವ ಒಂದು ಸಾಲಿನ ಪರಿಶೀಲನೆ ಇದನ್ನು ಹಿಡಿಯುತ್ತದೆ.

### ಎಕ್ಸೆಲ್‌ನಿಂದ 45361 ಎಂಬಂಥ ಸಂಖ್ಯೆಗಳು ಬಂದಿವೆ. ಇವು ದಿನಾಂಕಗಳೇ?

ಹೌದು, ಅದು 2024ರ ಮಾರ್ಚ್ 10. ಎಕ್ಸೆಲ್ ದಿನಗಳನ್ನು 1900ರ ಜನವರಿ 1ನ್ನು 1 ಎಂದು ಹಿಡಿದು ಎಣಿಸುತ್ತದೆ. ಆದರೆ 1900 ಅಧಿಕ ವರ್ಷವಲ್ಲದಿದ್ದರೂ ಫೆಬ್ರವರಿ 29 ಇದ್ದಂತೆ 60ನೇ ಸಂಖ್ಯೆಯನ್ನು ಅದಕ್ಕೆ ಕೊಡುತ್ತದೆ. ಲೋಟಸ್ 1-2-3ರ ಕಡತಗಳೊಂದಿಗೆ ಹೊಂದಿಕೊಳ್ಳಲೆಂದು ಉಳಿಸಿಕೊಂಡ ತಪ್ಪು ಅದು. ಆದ್ದರಿಂದ ಈ ಸಂಖ್ಯೆಗಳನ್ನು ಪರಿವರ್ತಿಸುವಾಗ 1899ರ ಡಿಸೆಂಬರ್ 30ಕ್ಕೆ ಅಷ್ಟು ದಿನಗಳನ್ನು ಕೂಡಿಸಬೇಕು. ಪಠ್ಯವನ್ನು ದಿನಾಂಕವೆಂದು ಊಹಿಸುವ ಎಕ್ಸೆಲ್‌ನ ಗುಣದಿಂದಾಗಿ ತಿಂಗಳಿನಂತೆ ಕಾಣುತ್ತಿದ್ದ ಕೆಲವು ಮಾನವ ಜೀನ್‌ಗಳ ಹೆಸರುಗಳನ್ನೇ ವಿಜ್ಞಾನಿಗಳು ಬದಲಿಸಬೇಕಾಯಿತು. 2020ರಲ್ಲಿ ಅದರ ಮಾರ್ಗಸೂಚಿ ಪ್ರಕಟವಾಯಿತು.

### ಡೇಟಾಬೇಸಿನಲ್ಲಿ ಯಾವ ವಿಧವನ್ನು ಆರಿಸಬೇಕು?

ಬರಿಯ ದಿನಾಂಕಕ್ಕೆ ‘ಡೇಟ್’. ಕ್ಷಣಕ್ಕೆ ಪೋಸ್ಟ್‌ಗ್ರೆಸ್‌ನಲ್ಲಿ ಕಾಲವಲಯ ಸಹಿತ ಟೈಮ್‌ಸ್ಟ್ಯಾಂಪ್. ಹೆಸರು ಹಾಗಿದ್ದರೂ ಅದು ವಲಯವನ್ನು ಉಳಿಸಿಕೊಳ್ಳುವುದಿಲ್ಲ, ಯುಟಿಸಿಗೆ ಬದಲಿಸಿ ಇಡುತ್ತದೆ, ತೋರಿಸುವಾಗ ಸೆಷನ್ನಿನ ವಲಯಕ್ಕೆ ಮರಳಿಸುತ್ತದೆ. ಮೈಎಸ್‌ಕ್ಯುಎಲ್‌ನ ಟೈಮ್‌ಸ್ಟ್ಯಾಂಪ್ 2038ರ ಜನವರಿ 19ಕ್ಕೆ ಮುಗಿಯುತ್ತದೆ. ಯೂನಿಕ್ಸ್ ಸೆಕೆಂಡುಗಳನ್ನು ಚಿಹ್ನೆಸಹಿತ (ಸೈನ್ಡ್) 32 ಬಿಟ್‌ಗಳಲ್ಲಿ ಎಣಿಸುವ ಎಲ್ಲ ವ್ಯವಸ್ಥೆಗಳ ಕೊನೆಯೂ ಅದೇ: 2147483647ನೇ ಸೆಕೆಂಡು, ಭಾರತದಲ್ಲಿ ಆಗ ಮಂಗಳವಾರ ಬೆಳಿಗ್ಗೆ 8:44:07. ಇಪ್ಪತ್ತು ವರ್ಷದ ಗೃಹಸಾಲದ ಕಂತುಗಳನ್ನು ಲೆಕ್ಕಹಾಕುವ ತಂತ್ರಾಂಶಕ್ಕೆ ಆ ದಿನ ಈಗಾಗಲೇ ಬಂದಿದೆ.

### ಇವನ್ನೆಲ್ಲ ಪರೀಕ್ಷಿಸುವುದು ಹೇಗೆ?

ಒಂದೇ ಪರೀಕ್ಷೆಯನ್ನು ಮೂರು ವಲಯಗಳಲ್ಲಿ ಓಡಿಸಿ: ಯುಟಿಸಿ, ಕೋಲ್ಕತ್ತ ಮತ್ತು ನ್ಯೂಯಾರ್ಕ್. ದಿನಾಂಕಗಳಲ್ಲಿ ಫೆಬ್ರವರಿ 29, ಡಿಸೆಂಬರ್ 30, 12ಕ್ಕಿಂತ ಚಿಕ್ಕದಾದ ಒಂದು ದಿನ, ದೊಡ್ಡದಾದ ಇನ್ನೊಂದು ದಿನ ಇರಲಿ. ‘ಈಗ’ ಎಂಬುದನ್ನು ಕೋಡಿನ ನಡುವೆ ನೇರವಾಗಿ ಕೇಳದೆ ಹೊರಗಿನಿಂದ ಕೊಡುವಂತೆ ಬರೆದರೆ, ಪರೀಕ್ಷೆಯಲ್ಲಿ ಗಡಿಯಾರವನ್ನು ಬೇಕಾದಲ್ಲಿ ನಿಲ್ಲಿಸಬಹುದು.

ಹಾಗೆ ನಿಲ್ಲಿಸಬೇಕಾದ ಮೊದಲ ಜಾಗ ಮಧ್ಯರಾತ್ರಿಗೂ ಬೆಳಗಿನ ಐದೂವರೆಗೂ ನಡುವಣ ಹೊತ್ತು. ಆ ಹೊತ್ತಿನಲ್ಲಿ ನಮ್ಮ ದಿನಾಂಕ ಒಂದು, ಯುಟಿಸಿಯಲ್ಲಿರುವ ಸರ್ವರಿನ ದಿನಾಂಕ ಅದರ ಹಿಂದಿನದು. ರಾತ್ರಿ 2 ಗಂಟೆಗೆ ತಯಾರಾಗುವ ದೈನಂದಿನ ವರದಿ ‘ನಿನ್ನೆಯ ಲೆಕ್ಕ’ ಎಂದು ಮೊನ್ನೆಯದನ್ನು ಕೊಡುವುದು ಆಗಲೇ. ಅದೇ ವರದಿಯನ್ನು ಹಗಲು 11 ಗಂಟೆಗೆ ಕೈಯಾರೆ ಓಡಿಸಿ ನೋಡಿದವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.